ಮಕ್ಕಳಿಗೆ ಅಪಾಯವಿಲ್ಲದೆ ಬಿಲ್ಲುಬೇಟೆ ಪರಿಚಯಿಸುವುದು ಹೇಗೆ?
ಒಂಬತ್ತು ವರ್ಷದ ಮಗನನ್ನು ಬಿಲ್ಲುಬೇಟೆಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ಗುರಿಹಲಗೆ ಮುಂದೆ ನಿಲ್ಲಿಸಿ, ಅದೂ ಐದಾರು ಮೀಟರ್ ದೂರದಲ್ಲಿ. 10-15 ಪೌಂಡ್ ಎಳೆತದ, ಅಂದ್ರೆ ಹೆದೆ ಪೂರ್ತಿ ಎಳೆಯಲು ಅಷ್ಟು ಬಲ ಬೇಕಾಗುವ ಬಿಲ್ಲು ಸಾಕು. ಮುಂದಕ್ಕೂ ಆಗುತ್ತದೆ ಅಂತ ಬಿಗಿ ಜಾಸ್ತಿ ಇರುವ ಬಿಲ್ಲು ಕೊಟ್ಟರೆ ಕೈ ನಡುಗಿ ಬಾಣ ಎಲ್ಲೋ ಹೋಗುತ್ತದೆ. ಬಾಣದ ಉದ್ದ ನೀವೇ ನೋಡಿ: ಪೂರ್ತಿ ಎಳೆದಾಗಲೂ ಅದರ ತುದಿ ಬಿಲ್ಲಿಗಿಂತ ಒಂದೆರಡು ಇಂಚು ಮುಂದಿರಬೇಕು, ಗಿಡ್ಡವಾದರೆ ಒಳಗೆ ಜಾರಿ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಬಾಣವಿಲ್ಲದೆ ಸುಮ್ನೆ ಹೆದೆ ಎಳೆದು ಬಿಡುವುದು ಮಕ್ಕಳಿಗೆ ಆಟ, ಅಲ್ವಾ? ಬಿಲ್ಲೇ ಸೀಳಿಹೋಗಬಹುದು, ಹಾಗೆ ಮಾಡಲು ಬಿಡಬೇಡಿ. ಬೇಟೆಗೆ ಕಾನೂನು ಒಪ್ಪುವ ಕಡೆಯೂ ಮೊದಲ ಸಲ ಬಿಲ್ಲಿಲ್ಲದೆ ಬಂದು ಪಕ್ಕದಲ್ಲಿ ಕೂತು ನೋಡಲಿ. ಬೇಟೆ ಬಾಣದ ಮೊನೆ ಬ್ಲೇಡಿನಷ್ಟು ಹರಿತ, ಅದನ್ನು ದೊಡ್ಡವರೇ ಮುಟ್ಟಬೇಕು.