ಹೊಟ್ಟೆನೋವು ಅಂತ ಸುಳ್ಳು ಹೇಳುವ ಭಾನುವಾರ

ಪ್ರಶ್ನೆ: ಅಕ್ಕಾ, ನಾನು ಶಿವಮೊಗ್ಗದಲ್ಲಿ ಬಿ.ಕಾಂ ಎರಡನೇ ವರ್ಷ. ಊರು ತೀರ್ಥಹಳ್ಳಿ ಹತ್ತಿರ. ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರಿದ್ದೇವೆ. ಉಳಿದ ಮೂವರು ಪ್ರತಿ ಭಾನುವಾರ ಸಿನಿಮಾ, ಆಮೇಲೆ ಪಿಜ್ಜಾ ಅಂತ ಹೊರಡ್ತಾರೆ. ಒಂದು ಸಲಕ್ಕೆ 500 ರೂಪಾಯಿ ಹೋಗುತ್ತೆ. ಅಪ್ಪನಿಗೆ ಇರೋದು ಒಂದೂವರೆ ಎಕರೆ ಅಡಿಕೆ ತೋಟ. ಈ ವರ್ಷ ಎಲೆಚುಕ್ಕಿ ರೋಗ ಬೇರೆ. ದುಡ್ಡು ಕೇಳೋಕೆ ಬಾಯಿ ಬರಲ್ಲ. ತಲೆನೋವು, ಹೊಟ್ಟೆನೋವು ಅಂತ ಸುಳ್ಳು ಹೇಳಿ ರೂಮಿನಲ್ಲೇ ಉಳೀತೇನೆ. ನಂಗೂ ಅವರ ಜೊತೆ ಹೋಗಬೇಕು ಅನ್ಸುತ್ತೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ತಂಗೀ, ನಿನ್ನ ಪತ್ರ ಓದಿದಾಗ ನಂಗೆ ಒಂದು ಮಸಾಲೆ ದೋಸೆ ನೆನಪಾಯ್ತು.

ನಾನು ಕೊಪ್ಪದ ಕಡೆಯವಳು. ಓದೋಕೆ ಅಂತ ಶಿವಮೊಗ್ಗಕ್ಕೆ ಬಂದು ಹಾಸ್ಟೆಲಿನಲ್ಲಿದ್ದೆ. ಆಗ 1994. ಗೆಳತಿಯರು ಸಿನಿಮಾಕ್ಕೆ ಹೊರಟಾಗೆಲ್ಲ ಹೊಟ್ಟೆನೋವು ಅಂತ ಹೊದ್ದು ಮಲಗಿಬಿಡುತ್ತಿದ್ದೆ. ಒಂದು ಸಂಜೆ ಅವರು ನನಗೆ ಅಂತಲೇ ದೋಸೆ ಕಟ್ಟಿಸಿಕೊಂಡು ಬಂದರು. ಬೆಳಿಗ್ಗೆಯಿಂದ ಪಾಪ ಏನೂ ತಿಂದಿಲ್ಲ ಅಂತ. ಒಳಗೆ ಬಾಳೆಎಲೆ, ಹೊರಗೆ ನ್ಯೂಸ್ ಪೇಪರ್. ಬೆಣ್ಣೆ ಇಳಿದು ಪೇಪರಿನ ಆ ಕಡೆಯ ಅಕ್ಷರ ಈ ಕಡೆ ಕಾಣ್ತಿತ್ತು. ರೂಮೆಲ್ಲ ಪಲ್ಯದ ವಾಸನೆ. ಹೊಟ್ಟೆನೋವು ಅಂದವಳು ದೋಸೆ ತಿನ್ನೋದು ಹೇಗೆ? ಬೇಡ ಅಂದೆ. ಅವರೇ ಹಂಚಿಕೊಂಡು ತಿಂದರು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಲೈಟ್ ಆರಿದ ಮೇಲೆ ಅತ್ತೆ.

ಮುಂದಿನ ವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳಿಗೆ ನಿಜ ಹೇಳಿದೆ. ಅವಳು ಸೋಪು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ‘ಮೊದಲೇ ಹೇಳೋಕೆ ಏನಾಗಿತ್ತು ಮಾರಾಯ್ತಿ? ನಾನೂ ವಾರವೆಲ್ಲ ಕಾಲೇಜಿಗೆ ನಡೆದು, ಬಸ್ಸಿನ ದುಡ್ಡು ಉಳಿಸಿಯೇ ಸಿನಿಮಾಕ್ಕೆ ಹೋಗೋದು’ ಅಂದಳು. ಒಂದೇ ರೂಮಿನಲ್ಲಿ ಎಂಟು ತಿಂಗಳು ಇದ್ದರೂ ನಂಗೆ ಅದು ಗೊತ್ತೇ ಇರಲಿಲ್ಲ.

ಅದಕ್ಕೇ ಹೇಳ್ತೇನೆ, ಮೂವರ ಮುಂದೆ ಒಟ್ಟಿಗೆ ಹೇಳಬೇಡ. ನಿಂಗೆ ಜಾಸ್ತಿ ಹತ್ತಿರ ಇರುವವಳು ಯಾರೋ ಅವಳಿಗೆ ಮೊದಲು ಹೇಳು. ಅಪ್ಪನ ಸಾಲ, ತೋಟದ ರೋಗ ಎಲ್ಲ ಬಿಡಿಸಿ ಹೇಳಬೇಕಾಗಿಲ್ಲ. ‘ನಂಗೆ ತಿಂಗಳಿಗೆ ಒಂದೇ ಸಿನಿಮಾ ಆಗೋದು, ಉಳಿದ ವಾರ ಬೇರೆ ಎಲ್ಲಾದರೂ ಹೋಗೋಣ’ ಅನ್ನು, ಸಾಕು. ಆ ಒಂದು ಸಿನಿಮಾ ಯಾವುದು ಅಂತ ನೀನೇ ಆರಿಸು. ಮಾಲ್ ಬೇಡ, ಹಳೇ ಥಿಯೇಟರಿಗೆ ಹೋಗಿ. ಬಾಲ್ಕನಿಯಲ್ಲಿ ಕೂತರೂ ಖರ್ಚು ಕಡಿಮೆ. ಸಿನಿಮಾ ಬಿಟ್ಟ ಮೇಲೆ ಗಾಂಧಿ ಬಜಾರ್ ಕಡೆ ನಡೆದು ಬನ್ನಿ. ಒಂದು ಪೊಟ್ಟಣ ಖಾರ ಮಂಡಕ್ಕಿ ನಾಲ್ವರ ಕೈಗೂ ಬರುತ್ತೆ.

ಉಳಿದ ಭಾನುವಾರಗಳಿಗೆ ನಿನ್ನೂರಿನ ದಾರಿಯೇ ಇದೆಯಲ್ಲ! ನೀನು ಕಿಟಕಿ ಪಕ್ಕ ನಿದ್ದೆ ಮಾಡಿಕೊಂಡು ದಾಟುವ ದಾರಿ ಅದು. ನಿನ್ನ ಗೆಳತಿಯರು ಬಹುಶಃ ನೋಡೇ ಇಲ್ಲ. ಬೆಳಿಗ್ಗೆ ಏಳೂವರೆಗೆ ಹೊರಡಿ. 14 ಕಿಲೋಮೀಟರಿಗೆ ಸಕ್ರೆಬೈಲು. ಎಂಟೂವರೆ ಹೊತ್ತಿಗೆ ಆನೆಗಳನ್ನು ಸ್ನಾನಕ್ಕೆ ತುಂಗಾ ಹಿನ್ನೀರಿಗೆ ಇಳಿಸುತ್ತಾರೆ. ಟಿಕೆಟ್ ಇದೆ, ದೊಡ್ಡ ಮೊತ್ತವಲ್ಲ. ದೂರದಲ್ಲಿ ಫೋಟೊ ತೆಗೆದು ವಾಪಸ್ ಬರಬೇಡಿ, ದಡದಲ್ಲಿ ಒಂದು ಗಂಟೆ ಕೂತು ನೋಡಿ. ಅಷ್ಟು ದೊಡ್ಡ ಆನೆ ನೀರಿನಲ್ಲಿ ಒಂದು ಮಗ್ಗುಲಿಗೆ ಒರಗುತ್ತೆ. ಮಾವುತ ಅದರ ಮೈಮೇಲೇ ನಿಂತು ಗಸಗಸ ತಿಕ್ಕುತ್ತಾನೆ. ಸೊಂಡಿಲಿನ ತುದಿ ಮಾತ್ರ ನೀರಿನ ಮೇಲೆ ಉಸಿರಾಡುತ್ತಾ ಇರುತ್ತೆ. ‘ತಿರುಗು’ ಅನ್ನುವ ಹಾಗೆ ಅವನು ಕಾಲಿನಿಂದ ತಟ್ಟಿದರೆ, ಆನೆ ಸಣ್ಣ ಮಗುವಿನ ಹಾಗೆ ಇನ್ನೊಂದು ಮಗ್ಗುಲಿಗೆ ಹೊರಳುತ್ತೆ. ನಾನು ಎಷ್ಟು ಸಲ ನೋಡಿದ್ದೇನೋ, ಇನ್ನೂ ಸಾಕು ಅನ್ನಿಸಿಲ್ಲ.

ಅದೇ ದಾರಿಯಲ್ಲಿ ಮುಂದೆ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ರಸ್ತೆ ಬದಿಯಲ್ಲಿ ನಿಂತರೂ ಕಾಣುತ್ತೆ. ಅಲ್ಲಿಂದ ನಿಮ್ಮನೆ ದೂರವೇನೂ ಇಲ್ಲ, ಅಲ್ವಾ? ಅಮ್ಮನಿಗೆ ಮೊದಲೇ ಫೋನ್ ಮಾಡು. ಈಗ ಕೆಸುವಿನ ಎಲೆ ಸಿಗುವ ಕಾಲ. ಪತ್ರೊಡೆ ಮಾಡಿ, ಒಗ್ಗರಣೆ ಹಾಕಿ ಬಾಳೆಎಲೆ ಮೇಲೆ ಬಡಿಸಿದರೆ ನಿನ್ನ ಗೆಳತಿಯರು ಪಿಜ್ಜಾ ಸುದ್ದಿ ಎತ್ತಲ್ಲ. ನಿನ್ನ ಮನೆ, ತೋಟ ನೋಡಿದ ಮೇಲೆ ನೀನು ಬಿಡಿಸಿ ಹೇಳದೆ ಇದ್ದದ್ದೂ ಅವರಿಗೆ ಗೊತ್ತಾಗುತ್ತೆ.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಆದರೆ ತೀರ್ಥಹಳ್ಳಿ ದಾರಿಯಲ್ಲಿ ಓಡೋದು ಜಾಸ್ತಿ ಖಾಸಗಿ ಬಸ್ಸುಗಳೇ. ಸರ್ಕಾರಿ ಬಸ್ ಎಷ್ಟು ಹೊತ್ತಿಗಿದೆ ಅಂತ ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಟ್ಟುಕೋ. ನಾಲ್ವರೂ ಆಧಾರ್ ಕಾರ್ಡ್ ತಗೊಂಡು ಹೋಗಿ.

ಪ್ರಶ್ನೆ: ನಂಗೆ 21 ವರ್ಷ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಭಾವಗೀತೆ ಅಂದರೆ ಪ್ರಾಣ. ಗೆಳೆಯರ ಜೊತೆ ಕಾರಿನಲ್ಲಿ ಹೋಗುವಾಗ ಹಾಕಿದರೆ ‘ಅಜ್ಜ ಬಂದ’ ಅಂತ ಆಫ್ ಮಾಡ್ತಾರೆ. ಬೇಜಾರಾಗುತ್ತೆ.
– ಒಬ್ಬ ಓದುಗ, ಸಾಗರ

ಉತ್ತರ: ತಮ್ಮಾ, ಬೇಜಾರಾಗೋದು ಸಹಜ. ಇಷ್ಟದ ಹಾಡನ್ನು ಮಧ್ಯದಲ್ಲಿ ನಿಲ್ಲಿಸಿದರೆ ಮೈ ಚುರ್ ಅನ್ನುತ್ತೆ. ಆದರೆ ಹೊರಡುವಾಗ ಹಾಕಬೇಡ. ಹೊರಡುವಾಗ ಎಲ್ಲರಿಗೂ ಕುಣಿಯುವ ಹಾಡೇ ಬೇಕು. ವಾಪಸ್ ಬರುವಾಗ, ಎಲ್ಲರಿಗೂ ಸುಸ್ತಾಗಿ ಮಾತು ನಿಂತಿರುತ್ತಲ್ಲ, ಆಗ ಒಂದೇ ಒಂದು ಹಾಡು ಹಾಕು. ಅದು ಶಿವಮೊಗ್ಗ ಸುಬ್ಬಣ್ಣ ಅವರದ್ದಾಗಿರಲಿ. ನಮ್ಮ ಜಿಲ್ಲೆಯವರು, ವೃತ್ತಿಯಲ್ಲಿ ವಕೀಲರು. ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ರಾಷ್ಟ್ರ ಪ್ರಶಸ್ತಿ ತಂದವರು. 2022ರಲ್ಲಿ ತೀರಿಕೊಂಡರು. ಎದೆ ತೆರೆದು ಹಾಡುವ ಆ ದನಿ ಕಾರಿನೊಳಗೆ ತುಂಬಿದರೆ ಯಾರೂ ಅಜ್ಜ ಅನ್ನೋದಿಲ್ಲ. ಅಂದರೂ ನೀನು ಕೇಳೋದು ಬಿಡಬೇಡ.

ಪ್ರಶ್ನೆ: ಮಗ, ಅವನ ಮೂವರು ಗೆಳೆಯರು ಈ ಮಳೆಯಲ್ಲಿ ಬೈಕಿನಲ್ಲಿ ಜೋಗಕ್ಕೆ ಹೊರಟಿದ್ದಾರೆ. ಬೇಡ ಅಂದರೆ ಮುಖ ಊದಿಸುತ್ತಾನೆ. ಕಳಿಸಲಾ?
– ಒಬ್ಬ ತಾಯಿ, ಭದ್ರಾವತಿ

ಉತ್ತರ: ಜೋಗಕ್ಕೆ ಕಳಿಸಿ, ಬೈಕಿನಲ್ಲಿ ಬೇಡ. ತಾಳಗುಪ್ಪದ ಟ್ರೈನು ಭದ್ರಾವತಿಯಲ್ಲೇ ಸಿಗುತ್ತೆ. ಆನಂದಪುರ, ಸಾಗರ ದಾಟಿ ತಾಳಗುಪ್ಪದಲ್ಲಿ ಇಳಿದರೆ ಜೋಗ ಸುಮಾರು 15 ಕಿಲೋಮೀಟರ್, ಬಸ್ಸಿದೆ. ಮಳೆಯಲ್ಲಿ ಕಿಟಕಿಯಾಚೆ ಕಾಣುವ ಗದ್ದೆ, ಕಾಡು ಬೈಕಿನವರಿಗೆ ಎಲ್ಲಿ ಕಾಣುತ್ತೆ? ಅವರ ಕಣ್ಣೆಲ್ಲ ರಸ್ತೆಯ ಗುಂಡಿ ಮೇಲೆ.

ಅವನಿಗೆ ಒಂದು ವಿಷಯ ಹೇಳಿ ಕಳಿಸಿ. ಮಳೆಗಾಲದ ಜೋಗ ಹೋದ ಕೂಡಲೇ ಕಾಣಲ್ಲ. ಮಂಜು ಮುಚ್ಚಿರುತ್ತೆ. 253 ಮೀಟರ್ ಮೇಲಿಂದ ಬೀಳುವ ನೀರಿನ ಸದ್ದು ಮಾತ್ರ ಕೇಳುತ್ತೆ. ಎಷ್ಟೋ ಜನ ಹತ್ತು ನಿಮಿಷ ನಿಂತು, ಏನೂ ಕಾಣಲ್ಲ ಅಂತ ವಾಪಸ್ ಹೊರಡ್ತಾರೆ. ಕಾಯಬೇಕು. ಒಮ್ಮೆ ನಾವು ಕೊಡೆ ಹಿಡಿದು ಮುಕ್ಕಾಲು ಗಂಟೆ ನಿಂತಿದ್ದೆವು. ಗಾಳಿ ತಿರುಗಿತು. ಮೊದಲು ರಾಜ ಕಂಡಿತು, ಹಿಂದೆಯೇ ಉಳಿದ ಮೂರೂ. ಎರಡು ನಿಮಿಷ ಇತ್ತೋ ಇಲ್ಲವೋ, ಮತ್ತೆ ಮುಚ್ಚಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗರು ಸಿಳ್ಳೆ ಹೊಡೆಯೋದನ್ನೂ ಮರೆತು ಬಾಯಿ ತೆರೆದು ನಿಂತಿದ್ದರು.

ಕಲ್ಲೆಲ್ಲ ಪಾಚಿ ಕಟ್ಟಿರುತ್ತೆ. ಫೋಟೊ ಆಸೆಗೆ ಕಂಬಿ ದಾಟಬಾರದು ಅಂತ ಅವನಿಂದ ಮಾತು ತಗೊಳ್ಳಿ. ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಿ.