ಎಂಆರ್‌ಐ ವರದಿಯ ಒಂದು ಸಾಲು, ಎಡಗಿವಿಯ ಚಿಂತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಐವತ್ತರ ಆಸುಪಾಸಿನ ಶಿಕ್ಷಕಿ, ಜೊತೆಗೆ ಪತಿ. ಎಡಗಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು, ಆ ಕಿವಿಗೆ ಫೋನ್ ಹಿಡಿದರೆ ಮಾತು ಸ್ಪಷ್ಟವಾಗುತ್ತಿರಲಿಲ್ಲ. ತಪಾಸಣೆಯಲ್ಲಿ ಅಕೌಸ್ಟಿಕ್ ನ್ಯೂರೋಮಾ ಪತ್ತೆಯಾಗಿತ್ತು. ಇದು ಕ್ಯಾನ್ಸರ್ ಅಲ್ಲ. ಸಮತೋಲನದ ನರದ ಹೊದಿಕೆಯಲ್ಲಿ ಹುಟ್ಟಿ, ಪಕ್ಕದಲ್ಲೇ ಸಾಗುವ ಶ್ರವಣ ನರಕ್ಕೆ ತೊಂದರೆ ಕೊಡುವ ಗಡ್ಡೆ. ಎರಡನೇ ಸ್ಕ್ಯಾನ್‌ನಲ್ಲಿ ಅದು ಬೆಳೆದದ್ದು ಕಂಡಿದ್ದರಿಂದ ವೈದ್ಯರು ಗಾಮಾ ನೈಫ್ ರೇಡಿಯೋಸರ್ಜರಿ, ಅಂದರೆ ಕೊಯ್ಯದೆ ಗಡ್ಡೆಗೆ ಗುರಿಯಿಟ್ಟು ವಿಕಿರಣ ಕೊಡುವ ಚಿಕಿತ್ಸೆ, ಸೂಚಿಸಿದ್ದರು.

ನನ್ನ ಮೇಜಿನ ಮೇಲೆ ಅವರು ಇಟ್ಟದ್ದು ಎಂಆರ್‌ಐ ವರದಿ. ಒಂದು ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ: ಎಡ ಕಾಕ್ಲಿಯಾದ (ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸುರುಳಿಯಂಥ ಭಾಗ) ದ್ರವದ ಸಿಗ್ನಲ್ ಬಲಗಡೆಗಿಂತ ಕಡಿಮೆ ಇದೆ.

"ಇದ್ದ ಕಿವಿಯೂ ಹೋಗುತ್ತೆ ಅಂತ ಇಲ್ಲೇ ಬರೆದಿದೆಯಲ್ಲ ಮೇಡಂ, ಮತ್ಯಾಕೆ ಚಿಕಿತ್ಸೆ?" ಎಂದರು ಆಕೆ. "ಡಾಕ್ಟರು ಹೇಳಿದ ಮೇಲೆ ಮಾಡಿಸಲೇಬೇಕು, ಇವಳು ಒಪ್ತಾನೇ ಇಲ್ಲ" ಎಂದು ಪತಿ. ಅವರು ಎಡಗಡೆ ಕೂತು ಮಾತಾಡುತ್ತಿದ್ದರೆ, ಆಕೆ ಪ್ರತಿ ಸಲವೂ ಕತ್ತು ಪೂರ್ತಿ ತಿರುಗಿಸಿ ಅವರ ತುಟಿ ನೋಡುತ್ತಿದ್ದರು.

ಆ ಸಾಲನ್ನು ಚಿಕಿತ್ಸೆ ಮಾಡುವ ವೈದ್ಯರಿಂದಲೇ ಬಿಡಿಸಿ ಹೇಳಿಸಿಕೊಳ್ಳೋಣ ಎಂದು ಮೂವರೂ ಹೋದೆವು. ಅವರು ವಿವರಿಸಿದ್ದು ಹೀಗೆ: ಎಂಆರ್‌ಐನ ಟಿ2 ಎಂಬ ಬಗೆಯ ಚಿತ್ರದಲ್ಲಿ ಒಳಕಿವಿಯ ದ್ರವ ಬೆಳ್ಳಗೆ ಹೊಳೆಯಬೇಕು. ಗಡ್ಡೆಯಿಂದಾಗಿ ಆ ದ್ರವದಲ್ಲಿ ಪ್ರೋಟೀನ್ ಹೆಚ್ಚಿದರೆ ಹೊಳಪು ಕುಂದಬಹುದು. ಹಾಗೆ ಮಂಕಾದ ಕಿವಿಯಲ್ಲಿ ರೇಡಿಯೋಸರ್ಜರಿಯ ನಂತರ ಶ್ರವಣ ಉಳಿಯುವ ಸಾಧ್ಯತೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಗಡ್ಡೆಯ ತುದಿಗೂ ಕಾಕ್ಲಿಯಾಕ್ಕೂ ನಡುವೆ ಬಿಳಿ ಎಳೆಯಷ್ಟು ದ್ರವ ಉಳಿದಿತ್ತು. ಇದು ಒಳ್ಳೆಯ ಲಕ್ಷಣ. ಅಷ್ಟು ಅಂತರವಿದ್ದರೆ ಕಾಕ್ಲಿಯಾಕ್ಕೆ ತಗಲುವ ವಿಕಿರಣವನ್ನು ತಗ್ಗಿಸುವುದೂ ಸುಲಭ. ಸರಾಸರಿ 4 ಗ್ರೇ (ವಿಕಿರಣದ ಪ್ರಮಾಣದ ಅಳತೆ) ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ ಇರುವಂತೆ ಯೋಜನೆ ಹಾಕಲು ನೋಡುತ್ತಾರೆ. ಒಂದೇ ಸ್ಕ್ಯಾನ್ ಎರಡು ದಿಕ್ಕಿಗೆ ಕೈ ತೋರಿಸುತ್ತಿತ್ತು. ಕೆಂಪು ಗೆರೆ ಬಿದ್ದದ್ದು ಒಂದಕ್ಕೆ ಮಾತ್ರ.

ಆಕೆಯ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ಇನ್ನೂ ಚೆನ್ನಾಗಿತ್ತು. ಸರಾಸರಿ 50 ಡೆಸಿಬೆಲ್‌ ಒಳಗೆ ಕೇಳಿಸಿ, ಪದಗಳಲ್ಲಿ ಅರ್ಧಕ್ಕಾದರೂ ಅರ್ಥವಾದರೆ ಅದನ್ನು ಉಪಯುಕ್ತ ಶ್ರವಣ ಎನ್ನುತ್ತಾರೆ. ಆಕೆಯ ಶ್ರವಣ ಆ ಮಿತಿಗಿಂತ ಸಾಕಷ್ಟು ಚೆನ್ನಾಗಿತ್ತು. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆ 2018ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಇಂಥವರಿಗೆ ಗಡ್ಡೆಯ ಅಂಚಿಗೆ 13 ಗ್ರೇ ಮೀರದ ಪ್ರಮಾಣದಲ್ಲಿ ಚಿಕಿತ್ಸೆ ಕೊಟ್ಟರೆ 5 ವರ್ಷದ ಹೊತ್ತಿಗೆ ಶ್ರವಣ ಉಳಿದಿರುವ ಸಾಧ್ಯತೆ ಶೇ. 50ರಿಂದ 75, 10 ವರ್ಷಕ್ಕೆ ಶೇ. 25ರಿಂದ 50. ಇದನ್ನು ಮರೆಮಾಚಿ ಧೈರ್ಯ ತುಂಬುವುದು ನನಗೆ ಸರಿ ಕಾಣಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನೂ ಹೇಳಿದೆ: ಚಿಕಿತ್ಸೆ ಮಾಡಿಸದಿದ್ದರೂ ಈ ಗಡ್ಡೆಯಿರುವ ಕಿವಿ ವರ್ಷಗಳು ಕಳೆದಂತೆ ಮಂದವಾಗುವುದೇ ಹೆಚ್ಚು. ಚಿಕಿತ್ಸೆಯ ಮುಖ್ಯ ಗುರಿ ಗಡ್ಡೆಯ ಬೆಳವಣಿಗೆ ತಡೆಯುವುದು. ಬೇಡ ಎಂದರೆ ಕಿವಿ ಉಳಿಯುತ್ತದೆ ಎನ್ನುವ ಲೆಕ್ಕ ಮೊದಲಿನಿಂದಲೇ ತಪ್ಪು.

ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು ನಿಜವಾದ ಭಯ: "ಎಡಗಡೆ ಸಾಲಿನ ಮಕ್ಕಳು ಕರೆದರೆ ನನಗೆ ಗೊತ್ತೇ ಆಗಲ್ಲ. ಟೀಚರ್ ಬೇಕಂತಲೇ ನೋಡಲ್ಲ ಅಂದ್ಕೋತಾರೆ." ಸ್ಕ್ಯಾನಿನ ಮಾತು ಅಲ್ಲಿಗೆ ನಿಲ್ಲಿಸಿ ನಾವು ಮಾತಾಡಬೇಕಾದದ್ದು ಇದನ್ನೇ. ಒಂದು ಕಿವಿ ಮಂದವಾದರೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ, ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟ. ಇದು ಸಣ್ಣ ನಷ್ಟವಲ್ಲ. ಅದಕ್ಕೆ ದುಃಖಪಡಲು ಆಕೆಗೆ ಪೂರ್ತಿ ಹಕ್ಕಿದೆ.

ಆಕೆಗೆ ನಾನು ಕೊಟ್ಟ ಸಲಹೆ: ಶ್ರವಣ ಚೆನ್ನಾಗಿರುವಾಗಲೇ ತಯಾರಿ ಶುರು ಮಾಡಿ. ಮಕ್ಕಳೆಲ್ಲ ಆದಷ್ಟು ಬಲಗಡೆಗೆ ಬರುವಂತೆ ನಿಲ್ಲುವ ಜಾಗ ಬದಲಿಸಿ, ಕರೆಯುವ ಮೊದಲು ಕೈ ಎತ್ತಲು ಹೇಳಿ, ಕಾರಣವನ್ನೂ ಅವರಿಗೆ ತಿಳಿಸಿ. ಎಡಗಡೆಯ ಸದ್ದನ್ನು ಬಲಗಿವಿಗೆ ದಾಟಿಸುವ ಕ್ರಾಸ್ ಶ್ರವಣ ಸಾಧನವಿದೆ ಎಂಬುದು ಗೊತ್ತಿರಲಿ. ಬಲಗಿವಿಯನ್ನು ಜೋರು ಸದ್ದಿನಿಂದ ಕಾಪಾಡಿಕೊಳ್ಳಿ. ಚಿಕಿತ್ಸೆಗೆ ಮುಂಚೆ ಒಂದು ಆಡಿಯೋಗ್ರಾಂ, ಆಮೇಲೆ ವೈದ್ಯರು ಹೇಳಿದ ಗಡುವಿಗೆ ಮತ್ತೊಂದು. ನಡುವೆ ಶ್ರವಣ ದಿಢೀರ್ ಇಳಿದರೆ ಗಡುವಿಗೆ ಕಾಯದೆ ಅಂದೇ ಫೋನ್ ಮಾಡಿ. ಮೊದಲ ಒಂದೆರಡು ವರ್ಷದ ಸ್ಕ್ಯಾನ್‌ನಲ್ಲಿ ಗಡ್ಡೆ ಕೊಂಚ ಊದಿದಂತೆ ಕಾಣಬಹುದು, ಅದನ್ನೇ ಸೋಲು ಎಂದುಕೊಳ್ಳಬೇಡಿ.

ಪತಿಗೆ ಹೇಳಿದ್ದು ಎರಡೇ. ಕೂರುವುದು, ನಡೆಯುವುದು ಬಲಗಡೆಯಿಂದ. ಪಕ್ಕದ ಕೋಣೆಯಿಂದ ಕೂಗದೆ ಎದುರಿಗೆ ಬಂದು ಮಾತಾಡುವುದು. ವರದಿಯನ್ನು ರಾತ್ರಿ ಮಲಗುವ ಹೊತ್ತಿಗೆ ತೆಗೆದು ಚರ್ಚಿಸುವುದನ್ನೂ ನಿಲ್ಲಿಸಿ ಎಂದಾಗ ಆಕೆ ಮೊದಲ ಬಾರಿ ನಕ್ಕರು.

ನಿರ್ಧಾರ ಆಕೆಯದೇ ಆಗಿರಲಿ ಎಂದು ಇಬ್ಬರಿಗೂ ಹೇಳಿ ಕಳಿಸಿದೆ. ಕೆಲವು ದಿನ ಬಿಟ್ಟು ಆಕೆಯೇ ಫೋನ್ ಮಾಡಿ ಚಿಕಿತ್ಸೆಗೆ ಒಪ್ಪಿದ್ದಾಗಿ ತಿಳಿಸಿದರು. ಕಾಕ್ಲಿಯಾಕ್ಕೆ ಎಷ್ಟು ಗ್ರೇ ಬೀಳುತ್ತದೆ ಎಂದು ಯೋಜನೆಯ ದಿನ ತಾನೇ ಕೇಳುವುದಾಗಿಯೂ ಹೇಳಿದರು. ಚಿಕಿತ್ಸೆ ಮುಗಿದ ಮೇಲೆ ಮೊದಲ ಆಡಿಯೋಗ್ರಾಂ ಫಲಿತಾಂಶದೊಂದಿಗೆ ಇಬ್ಬರೂ ಮತ್ತೆ ಬರುವುದೆಂದು ಗೊತ್ತುಮಾಡಿದ್ದೇವೆ.