ಕ್ರಯಪತ್ರದಲ್ಲಿ ‘ನಿಧಿ ನಿಕ್ಷೇಪ’ ಎಂದು ಬರೆದಿದ್ದರೆ ಆ ಜಮೀನಿನಲ್ಲಿ ನಿಧಿ ಇದೆ ಎಂದರ್ಥವೇ?

ಇಲ್ಲ. ಅದು ಹಕ್ಕಿನ ವರ್ಣನೆಯೇ ಹೊರತು ನೆಲದಡಿ ಏನಿದೆ ಎಂಬುದರ ಹೇಳಿಕೆಯಲ್ಲ. ಆದರೂ ಈ ತಪ್ಪು ಓದು ನಮ್ಮ ಕೋಲಾರ ಸೀಮೆಯಲ್ಲಿ ಅಪರೂಪವೇನಲ್ಲ. ಮುಳಬಾಗಿಲು ಕಡೆಯ ಹಿರಿಯರೊಬ್ಬರು ಹಳೆಯ ಛಾಪಾ ಕಾಗದದ ಆ ಸಾಲಿನ ಮೇಲೆ ಬೆರಳಿಟ್ಟು, “ನೋಡಪ್ಪ, ಸರ್ಕಾರದ ಮೊಹರು ಒತ್ತಿ ನಿಧಿ ಐತೆ ಅಂತ ಬರ್ದವ್ರೆ” ಎಂದು ನನಗೆ ತೋರಿಸಿದಾಗ ಅವರ ಹಿತ್ತಿಲಿನಲ್ಲಿ ಆಗಲೇ ಮೊಣಕಾಲುದ್ದದ ಗುಂಡಿ ತೋಡಲಾಗಿತ್ತು.

ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಈ ಎಂಟನ್ನು ಅಷ್ಟಭೋಗ, ಅಂದರೆ ಭೂಮಿಯನ್ನು ಅನುಭವಿಸುವ ಎಂಟು ಬಗೆಯ ಹಕ್ಕುಗಳು ಎನ್ನುತ್ತಾರೆ. ವಿಜಯನಗರ ಕಾಲದ ದಾನಶಾಸನಗಳಲ್ಲೂ ಕಾಣುವ ಈ ಸೂತ್ರವನ್ನು ಪತ್ರ ಬರಹಗಾರರು ಇಂದಿಗೂ ಬಿಡದೆ ಬರೆಯುತ್ತಾರೆ. ‘ನಿಕ್ಷೇಪ’ ಎಂದರೆ ನೆಲದಲ್ಲಿ ಹೂತಿಟ್ಟದ್ದು, ‘ಅಕ್ಷೀಣಿ’ ಎಂದರೆ ಕುಂದದೆ ಉಳಿಯುವ ಫಲ, ‘ಆಗಾಮಿ’ ಎಂದರೆ ಮುಂದೆ ಬರಬಹುದಾದ ಆದಾಯ, ‘ಸಿದ್ಧ’ ಎಂದರೆ ಈಗಾಗಲೇ ಸಾಗುವಳಿಯಾದದ್ದು, ‘ಸಾಧ್ಯ’ ಎಂದರೆ ಇನ್ನು ಮುಂದೆ ಸಾಗುವಳಿ ಮಾಡಬಹುದಾದದ್ದು. ಒಟ್ಟಿನಲ್ಲಿ, ಮಾರುವವರು ಯಾವುದನ್ನೂ ತಮಗೆಂದು ಉಳಿಸಿಕೊಂಡಿಲ್ಲ ಎಂಬುದಷ್ಟೇ ಇದರ ತಾತ್ಪರ್ಯ.

ನಿಜವಾಗಿಯೂ ನಿಧಿ ಸಿಕ್ಕರೆ ಈ ಸಾಲು ಅದನ್ನು ನಿಮ್ಮದಾಗಿಸುವುದಿಲ್ಲ. ಅದಕ್ಕಾಗಿಯೇ 1962ರ ರಾಜ್ಯ ಕಾಯ್ದೆಯಿದ್ದು, ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕಾಗುತ್ತದೆ.